ಮಗಳಿಗೊಂದು ಪತ್ರ: ಸೋಮವಾರದ ಪ್ರಶ್ನೆಗೆ

ಪುಟ್ಟೀ,

ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿನಗೆ ಓದಲು ನಿಧಾನ ಆಗುತ್ತದೆ ಅಂತ ಗೊತ್ತು. ಒತ್ತಕ್ಷರ ಬಂದ ಕಡೆ ನಿಂತು, ಬಾಯಿಬಿಟ್ಟು ಓದು. ನಿನ್ನ ಜೊತೆಗಾತಿಗೆ ಕೇಳಿಸಿದರೂ ಪರವಾಗಿಲ್ಲ. ಮಾರ್ಮನ್ ಚರ್ಚಿನ ಧರ್ಮಪ್ರಚಾರಕ್ಕೆ ಅಂತ ಹೋದ ಈ ಮಿಷನ್ನಿನಲ್ಲಿ ಇಬ್ಬರೂ ಸದಾ ಒಬ್ಬರ ಕಣ್ಣಿಗೆ ಒಬ್ಬರು ಬೀಳುತ್ತಾ ಇರಬೇಕಲ್ಲ, ಬಚ್ಚಲುಮನೆಯೊಂದೇ ಸ್ವಂತದ್ದು. ಸೋಮವಾರ ನೀನು ವಿಡಿಯೊ ಕಾಲ್‌ನಲ್ಲಿ "ಅಮ್ಮಾ, ವಾಪಸ್ ಬಂದುಬಿಡ್ಲಾ?" ಅಂತ ಕೇಳಿದಾಗ ಅವಳು ನಿನ್ನ ಹಿಂದೆಯೇ ಕೂತು ಬಟ್ಟೆ ಮಡಿಸುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ. ಮನೆಯಲ್ಲಿ ಕನ್ನಡ ಮಾತಾಡು ಅಂತ ಹನ್ನೆರಡು ವರ್ಷ ನಿನ್ನ ಜೀವ ತಿಂದಿದ್ದಕ್ಕೆ ಇಷ್ಟಾದರೂ ಪ್ರಯೋಜನ ಆಯಿತು.

ಆಗ ನಾನು ಉತ್ತರ ಕೊಡಲಿಲ್ಲ. ನೆಟ್‌ವರ್ಕ್ ಸರಿ ಇಲ್ಲ ಅಂದೆ. ಸುಳ್ಳು, ನೆಟ್‌ವರ್ಕ್ ಚೆನ್ನಾಗೇ ಇತ್ತು. "ಬಾ" ಅನ್ನುವುದು ಬಾಯಿಗೇ ಬಂದಿತ್ತು, ನುಂಗಿಕೊಂಡೆ. ಯಾಕೆ ನುಂಗಿದೆ ಅಂತ ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ.

ನೀನು ಹೋಗುವುದು ನನಗೆ ಇಷ್ಟವಿರಲಿಲ್ಲ. ಈಗ ಅದನ್ನು ಮುಚ್ಚಿಟ್ಟು ಏನಾಗಬೇಕು? ಅಮೆರಿಕದ ಯೂಟಾದ ಈ ಊರಲ್ಲಿ ಮನೆ ಕೊಂಡಾಗ ಊರಿನ ಹೆಸರು ಲೀಹೈ ಅನ್ನುವುದು ಮಾರ್ಮನ್ನರ ಧರ್ಮಗ್ರಂಥ ಬುಕ್ ಆಫ್ ಮಾರ್ಮನ್‌ನಲ್ಲಿ ಬರುವ ಪ್ರವಾದಿಯ ಹೆಸರು ಅಂತಲೂ ನಮಗೆ ತಿಳಿದಿರಲಿಲ್ಲ. ಅಪ್ಪನ ಆಫೀಸು ಹತ್ತಿರ, ಶಾಲೆ ಚೆನ್ನಾಗಿದೆ, ಅಷ್ಟೇ ನೋಡಿದ್ದು. ಹೈಸ್ಕೂಲಿನಲ್ಲಿ ನಿನ್ನ ಗೆಳತಿಯರೆಲ್ಲ ದಿನಕ್ಕೊಂದು ಪೀರಿಯಡ್ ಧರ್ಮಪಾಠಕ್ಕೆ ಅಂತ ಪಕ್ಕದ ಸೆಮಿನರಿ ಕಟ್ಟಡಕ್ಕೆ ಹೋದರು, ನೀನೂ ಹಿಂದೆ ಹೋದೆ. ಹದಿನಾರಕ್ಕೆ ದೀಕ್ಷಾಸ್ನಾನಕ್ಕೆ ನಮ್ಮ ಸಹಿ ಕೇಳಿದೆ. ಕೊಡಲಿಲ್ಲ. ಹದಿನೆಂಟಾದ ಮೇಲೆ ಸಹಿ ಬೇಕಾಗಲಿಲ್ಲ.

ಆವತ್ತು ದಾವಣಗೆರೆಯಿಂದ ಅಜ್ಜಿ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಚಾ ಕುಡಿಯಂಗಿಲ್ಲಂತೆ, ಹೌದಾ?" 1833ರಲ್ಲಿ ನಿಮ್ಮ ಚರ್ಚನ್ನು ಕಟ್ಟಿದ ಜೋಸೆಫ್ ಸ್ಮಿತ್‌ಗೆ ಬಂದ ದೇವರ ಮಾತಿನಲ್ಲಿ ಬಿಸಿ ಪಾನೀಯ ಬೇಡ ಅಂತ ಇದೆ, ಅಂದರೆ ಚಹಾ, ಕಾಫಿ ಅಂತ ನೀನು ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು "ಹಂಗಾರೆ ಆರಿಸಿ ಕುಡಿ" ಅಂದರು. (ಈ ಊರಿನವರು ಸೋಡಾಕ್ಕೆ ಕ್ರೀಮ್ ಸುರಿದು ಲೋಟಗಟ್ಟಲೆ ಕುಡಿಯುವುದನ್ನು ಅಜ್ಜಿಗೆ ನಾನಿನ್ನೂ ಹೇಳಿಲ್ಲ.) ಅಂಥ ನಿನ್ನನ್ನು ಕಳಿಸಿದ್ದು ಎಲ್ಲಿಗೆ? ಇಂಗ್ಲೆಂಡಿಗೆ. ಬಾಗಿಲು ತೆಗೆದವರು ಮೊದಲು ಕೇಳುವುದೇ ಚಹಾ ಬೇಕಾ ಅಂತ.

ಒಂದು ಮಾತು ಇಲ್ಲಿಯವರೆಗೂ ಹೇಳಿರಲಿಲ್ಲ. ಮಿಷನ್ನಿಗೆ ಹೋಗುವ ಮೊದಲು ನಿಮ್ಮ ಚರ್ಚಿನ ಟೆಂಪಲ್‌ನಲ್ಲಿ ನಿನ್ನ ವಿಧಿ ನಡೆಯಿತಲ್ಲ, ಸದಸ್ಯರಲ್ಲದವರು ಒಳಗೆ ಬರುವ ಹಾಗಿಲ್ಲ ಅಂದರು. ನಾನು ಹೊರಗೆ ಹೂವಿನ ಪಾತಿಯ ಪಕ್ಕ ಬೆಂಚಿನ ಮೇಲೆ ಕೂತಿದ್ದೆ. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ, ಎಲ್ಲರೂ ನಕ್ಕು ಮಾತಾಡಿಸಿದರು. ಆದರೂ ಹೆತ್ತವಳು ಹೊರಗೆ, ಯಾರೋ ಇನ್ನೊಬ್ಬ ಹೆಂಗಸು ನಿನ್ನ ಜೊತೆ ಒಳಗೆ. ಆ ಬೆಂಚು ನನಗೆ ಇವತ್ತಿಗೂ ಮರೆತಿಲ್ಲ.

ಆಮೇಲೆ ಪ್ರೊವೊ ಊರಿನ ಮಿಷನರಿ ತರಬೇತಿ ಕೇಂದ್ರ. ಮನೆಯಿಂದ ಅರ್ಧ ಗಂಟೆಯ ದಾರಿ. ರಸ್ತೆಬದಿಯಲ್ಲಿ ಕಾರು ನಿಲ್ಲಿಸು, ಸೂಟ್‌ಕೇಸ್ ಇಳಿಸು, ಒಂದು ಅಪ್ಪುಗೆ, ಹೊರಡು. ಹಿಂದೆ ಇನ್ನೂ ಕಾರುಗಳು ಸಾಲಾಗಿ ನಿಂತಿದ್ದವು. ನಿನ್ನ ಎದೆಯ ಮೇಲಿನ ಕಪ್ಪು ಬಿಲ್ಲೆಯಲ್ಲಿ ಸಿಸ್ಟರ್ ಅಂತ ಬರೆದು ಪಕ್ಕದಲ್ಲಿ ನಿಮ್ಮಪ್ಪನ ಹೆಸರು! ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್ ಆಗಿರುವುದರ ಫಲ. "ನನ್ನನ್ನೇ ಸಿಸ್ಟರ್ ಮಾಡಿಬಿಟ್ಟರಲ್ಲೇ" ಅಂತ ಅವರು ಕಾರಿನಲ್ಲಿ ನಗಲು ಶುರುಮಾಡಿ, ಮನೆ ಮುಟ್ಟುವ ಹೊತ್ತಿಗೆ ಕಣ್ಣೊರೆಸಿಕೊಳ್ಳುತ್ತಿದ್ದರು.

ಇಷ್ಟೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡವಳು ನಾನು. ನಾನು "ಬಾ" ಅಂದರೆ ಅದರಲ್ಲಿ ನಿನ್ನ ಅಳುವಿಗೆ ಮರುಗಿದ್ದು ಎಷ್ಟು, "ನಾನು ಮೊದಲೇ ಹೇಳಿರಲಿಲ್ವಾ" ಅನ್ನುವುದು ಎಷ್ಟು? ನನಗೇ ಬೇರ್ಪಡಿಸಲು ಆಗಲಿಲ್ಲ. ಅದಕ್ಕೇ ಬಾಯಿ ಮುಚ್ಚಿಕೊಂಡೆ.

ನಿನ್ನ ದಿನಚರಿ ನನಗೆ ಬಾಯಿಪಾಠ ಆಗಿದೆ. ನೀನು 6:30ಕ್ಕೆ ಏಳುವಾಗ ಇಲ್ಲಿ ರಾತ್ರಿ 11:30. ನಾನು ದೀಪ ಆರಿಸುವುದು ಆಗಲೇ. ವ್ಯಾಯಾಮ, ತಿಂಡಿ, ಓದು, ಮತ್ತೆ ಇಬ್ಬರೂ ಕೂತು ಓದು, ಆಮೇಲೆ ಮಳೆಯಲ್ಲಿ ಬೀದಿ. ರಾತ್ರಿ 9ಕ್ಕೆ ರೂಮಿಗೆ, 10:30ಕ್ಕೆ ಮಲಗುವುದು. ಸೋಮವಾರ ಬಟ್ಟೆ ಒಗೆದು, ಸಾಮಾನು ತಂದು, ನಮಗೆ ಫೋನು. ತಿಂಗಳಿಗೆ 500 ಡಾಲರ್ ಕಟ್ಟಿ ಇಷ್ಟು ಕಷ್ಟ ಪಡುತ್ತಾರಾ ಅಂತ ನಿನ್ನ ಚಿಕ್ಕಪ್ಪ ಕೇಳಿದರು. ಅಯ್ಯಪ್ಪ ಮಾಲೆ ಹಾಕಿ ಬರಿಗಾಲಲ್ಲಿ ನಡೆಯುವವರಿಗೆ ಯಾರು ಸಂಬಳ ಕೊಡ್ತಾರೆ ಅಂದೆ. ನಿನ್ನ ಪರವಾಗಿ ನಾನು ಜಗಳ ಆಡಿದ್ದು ನೋಡು!

ನೀನಿರುವ ಪ್ರೆಸ್ಟನ್ನಿನ ಆ ಗುಜರಾತಿ ಅಜ್ಜಿಯ ಕಥೆಯನ್ನು ಇಲ್ಲಿ ಎಲ್ಲರಿಗೂ ಹೇಳಿದ್ದೇನೆ. ಬಾಗಿಲು ತೆಗೆದು, ಬಿಲ್ಲೆ ಓದಿ, ನಿನ್ನ ಮುಖ ನೋಡಿ "ಇದೆಲ್ಲ ನಿನ್ನ ಅಮ್ಮನಿಗೆ ಗೊತ್ತಾ?" ಅಂದರಂತೆ. ಬೋಧನೆ ಬೇಡ ಅಂದು ಥೇಪ್ಲಾ ರೊಟ್ಟಿ ಕೊಟ್ಟು ಕಳಿಸಿದರಂತೆ. ನಮ್ಮೂರಿನಲ್ಲಿ ಜೋಳಿಗೆ ಹಿಡಿದು ಜಂಗಮರು ಬಂದರೆ ನಿನ್ನ ಅಜ್ಜಿ ಮಾಡುತ್ತಿದ್ದುದೂ ಇದೇ. ಎಲ್ಲರ ಮಾತನ್ನೂ ಒಪ್ಪುತ್ತಿದ್ದರು ಅಂತಲ್ಲ. ಬರಿಗೈಯಲ್ಲಿ ಮಾತ್ರ ಕಳಿಸುತ್ತಿರಲಿಲ್ಲ.

ಈಗ ನೀನು ಅತ್ತ ವಿಷಯಕ್ಕೆ ಬರುತ್ತೇನೆ. ಜೊತೆಗಾತಿ ಮಾತಾಡುವುದಿಲ್ಲ, ಯಾರೋ ರಸ್ತೆಯಲ್ಲಿ ಬೈದರು, ಎರಡು ತಿಂಗಳಲ್ಲಿ ಒಬ್ಬರೂ ಎರಡನೇ ಸಲ ಕರೆಯಲಿಲ್ಲ. ಅದೆಲ್ಲ ನಿಜ. ಆದರೆ ಇವಕ್ಕೆ ನೀನು ಅಷ್ಟು ಅಳುವವಳಲ್ಲ. ಕೊನೆಗೆ ಮೆಲ್ಲಗೆ ಹೇಳಿದೆಯಲ್ಲ, "ದಿನಾ ಹತ್ತು ಸಲ 'ನನಗೆ ಗೊತ್ತು' ಅಂತ ಹೇಳ್ಬೇಕು ಅಮ್ಮ, ನನಗೆ ಗೊತ್ತಾ ಅಂತಲೇ ಗೊತ್ತಿಲ್ಲ" ಅಂತ. ಕೊರೆಯುತ್ತಿರುವುದು ಅದು.

ಒಂದು ಸಲ ನಿನ್ನ ಒತ್ತಾಯಕ್ಕೆ ತಿಂಗಳ ಮೊದಲ ಭಾನುವಾರ ನಿಮ್ಮ ಚರ್ಚಿಗೆ ಬಂದಿದ್ದೆ. ಎಲ್ಲರೂ ಉಪವಾಸ. ಒಬ್ಬೊಬ್ಬರಾಗಿ ಎದ್ದು ತಮ್ಮ ನಂಬಿಕೆಗೆ ಸಾಕ್ಷಿ ಹೇಳುತ್ತಿದ್ದರು. ಐದು ವರ್ಷದ ಮಗು ಕೂಡ ಮೈಕ್ ಮುಂದೆ ನಿಂತು "ಐ ನೋ" ಅಂತ ಶುರು ಮಾಡಿತು. ಮುದ್ದಾಗಿತ್ತು, ಆದರೆ ನನಗೆ ಏನೋ ಕಸಿವಿಸಿ. ನಾನು ಬುದ್ಧಿ ಬಂದಾಗಿನಿಂದ ದಿನಾ ಲಿಂಗಪೂಜೆ ಮಾಡಿದವಳು. ಗೊತ್ತು ಅಂತ ಒಂದು ದಿನವೂ ಹೇಳಿಲ್ಲ, ಯಾರೂ ಕೇಳಲೂ ಇಲ್ಲ. ಕೆಲವು ದಿನ ಕೈಯಲ್ಲಿ ಲಿಂಗ, ತಲೆಯಲ್ಲಿ ಬೇಳೆ ಕುಕ್ಕರಿನ ಸೀಟಿ. ಮಾರನೇ ದಿನ ಮತ್ತೆ ಕೂರುತ್ತೇನೆ. ನಿನಗೆ ಬಾಗಿಲಲ್ಲಿ "ನಂಬಿದ್ದೇನೆ" ಅಂತ ಹೇಳಲು ಆಗುತ್ತದಾ ನೋಡು. "ನಂಬಬೇಕು ಅಂತ ಆಸೆ" ಅಂತಾದರೂ ಸರಿ. ಅದೂ ಆಗದಿದ್ದರೆ ಅವತ್ತು ಸುಮ್ನೆ ಅವರ ಮನೆಯ ಕಸದ ಡಬ್ಬ ಒಳಗೆ ಎಳೆದುಕೊಟ್ಟು ಬಾ.

1837ರ ಜುಲೈ 30ರಂದು ಪ್ರೆಸ್ಟನ್ನಿನ ರಿಬಲ್ ನದಿಯಲ್ಲಿ ಒಂಬತ್ತು ಜನ ನಿಮ್ಮ ಚರ್ಚಿನ ದೀಕ್ಷಾಸ್ನಾನ ಪಡೆದರು, ಮೊದಲಿಗ ಯಾರಾಗಬೇಕು ಅಂತ ನದಿಯವರೆಗೆ ಓಟ ನಡೆದು ಜಾರ್ಜ್ ವಾಟ್ ಅನ್ನುವವನು ಗೆದ್ದ ಅಂತ ಖುಷಿಯಿಂದ ಬರೆದಿದ್ದೆಯಲ್ಲ. ಆಮೇಲೆ ಅವನೇನಾದ ಅಂತ ನಾನು ಹುಡುಕಿದೆ. ಯೂಟಾಕ್ಕೆ ಬಂದ. ಚರ್ಚಿನ ಆಗಿನ ಮುಖ್ಯಸ್ಥ ಬ್ರಿಗಮ್ ಯಂಗ್ ಅವರ ಭಾಷಣಗಳನ್ನು ವರ್ಷಗಟ್ಟಲೆ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡ. 1874ರಲ್ಲಿ ಚರ್ಚಿನಿಂದಲೇ ಹೊರಗಾದ. ನಿನ್ನನ್ನು ಹೆದರಿಸಲು ಹೇಳುತ್ತಿಲ್ಲ. ಓಡಿ ಹೋಗಿ ನೀರಿಗಿಳಿದಾಗ ಅವನು ಸುಳ್ಳು ಓಡಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಮಧ್ಯದಲ್ಲಿ ಬಂದರೆ ಜನ ಏನಂತಾರೆ ಅನ್ನುವ ಹೆದರಿಕೆಯೂ ನಿನಗಿದೆ, ನಾನು ಬಲ್ಲೆ. ಈ ಊರಿನಲ್ಲಿ ಅದು ಇದೆ. ಪಕ್ಕದ ಮನೆಯಾಕೆ ಮೊನ್ನೆ ಬೇಲಿ ಹತ್ತಿರ ನಿಂತು ಮಗನ ವಿಷಯ ಹೇಳಿದರು. ಮಿಷನ್ನಿನಿಂದ ನಾಲ್ಕು ತಿಂಗಳಿಗೇ ವಾಪಸ್ ಬಂದನಂತೆ. ಅದು 2019ಕ್ಕೆ ಮುಂಚಿನ ಮಾತು, ಆಗ ವಾರಕ್ಕೊಮ್ಮೆ ಮನೆಗೆ ಫೋನ್ ಮಾಡುವ ಹಾಗೇ ಇರಲಿಲ್ಲ, ಕ್ರಿಸ್‌ಮಸ್ಸಿಗೊಂದು, ತಾಯಂದಿರ ದಿನಕ್ಕೊಂದು. ಅವನು ಒಳಗೇ ಕುಸಿದಿದ್ದು ಇವರಿಗೆ ತಿಳಿಯಲೇ ಇಲ್ಲ. ಬಂದ ಮೇಲೆ ಜನರ ನೋಟಕ್ಕೆ ಅಂಜಿ ಎರಡು ವರ್ಷ ಚರ್ಚಿನ ಕಡೆ ಹೋಗಲಿಲ್ಲವಂತೆ. "ನಾನಾದರೂ ಬಾಗಿಲಲ್ಲೇ ಅಪ್ಪಿಕೊಳ್ಳಬೇಕಿತ್ತು, ಏನಾಯ್ತು ಅಂತ ಕೇಳಿಬಿಟ್ಟೆ" ಅಂದರು. ಅವರ ಕೈ ಹಿಡಿದುಕೊಂಡೆ.

ಹಾಗಾಗಿ ನೀನು ಬಂದರೆ ನಾನು ಏನನ್ನೂ ಕೇಳುವುದಿಲ್ಲ. ನಿನ್ನ ಮಂಚದ ಮೇಲಿನ ಇಸ್ತ್ರಿ ಬಟ್ಟೆ ತೆಗೆದಿದ್ದೇನೆ. ನಿಮ್ಮಪ್ಪ ಮ್ಯಾಂಚೆಸ್ಟರಿನಿಂದ ಟಿಕೆಟ್ ನೋಡಿಟ್ಟಿದ್ದಾರೆ, ಕೊಂಡಿಲ್ಲ. ಉಳಿಯುವುದಾದರೆ ಮಿಷನ್ ಪ್ರೆಸಿಡೆಂಟರ ಹತ್ತಿರ ಜೊತೆಗಾತಿಯ ವಿಷಯ ಮಾತಾಡು. ಆರು ವಾರಕ್ಕೊಮ್ಮೆ ಬದಲಾವಣೆ ಇದ್ದೇ ಇದೆಯಲ್ಲ. ನನಗೆ ಖುಷಿ ಆಗಲಿ ಅಂತ ಬರಬೇಡ. ನನ್ನೆದುರು ಸೋಲಬಾರದು ಅಂತ ಉಳಿಯಲೂ ಬೇಡ.

ನಿನ್ನ ಲಿಂಗದ ಕರಡಿಗೆ ದೇವರ ಮನೆಯಲ್ಲಿದೆ. ನನ್ನದರ ಜೊತೆಗೆ ಅದಕ್ಕೂ ವಿಭೂತಿ ಹಚ್ಚುತ್ತೇನೆ. ನಿನಗೆ ಹೇಳಿರಲಿಲ್ಲ. ಬೇಡ ಅನ್ನಿಸಿದರೆ ಹೇಳು, ಆದರೂ ಹಚ್ಚುತ್ತೇನೆ.

ಬೇರೆ ಪಾರ್ಸೆಲ್ಲಿನಲ್ಲಿ ಉಣ್ಣೆಯ ಕೈಗವಸು ಎರಡು ಜೊತೆ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕಳಿಸಿದ್ದೇನೆ. ಒಂದು ಜೊತೆ ಕೈಗವಸು ಆ ಹುಡುಗಿಗೆ ಕೊಡು. ಮಾತಾಡದಿದ್ದರೆ ಏನಂತೆ, ಅವಳಿಗೂ ಚಳಿ ಆಗುತ್ತದಲ್ಲ. ಕೈತಪ್ಪಿ ಚಹಾಪುಡಿ ಪ್ಯಾಕೆಟ್ಟನ್ನೂ ಇಟ್ಟಿದ್ದೆ. ಅಂಟಿಸುವ ಮುಂಚೆ ನೆನಪಾಗಿ ತೆಗೆದೆ.

ಅಮ್ಮ