ಬಾನೆಟ್ ಪಕ್ಕ ಬಂದು ನಿಂತವರಿಗೆ

ಹೆಸರು ಕೇಳುವಷ್ಟರಲ್ಲಿ ನೀವು ಹೊರಟೇಬಿಟ್ಟಿರಿ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹಳೇ ಕಾರಿಗೆ ವಿ8 ಎಂಜಿನ್ ಕೂರಿಸಿದ ಹಾಟ್ ರಾಡ್ ನನ್ನದು. ಓಡುವಾಗ ತಣ್ಣಗಿರುತ್ತಿತ್ತು, ನಿಂತರೆ ಸಾಕು, ಮುಳ್ಳು ಕೆಂಪು ಗೆರೆಗೆ. ಜೊತೆಗೆ ಆಯಿಲ್ ಕುಡಿಯುವ ಚಟ ಬೇರೆ. 'ಪಿಸ್ಟನ್ ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು' ಎಂದು ಎಲ್ಲರೂ ಹೇಳಿ ಹೆದರಿಸಿದ್ದರು. ಅಂದು ರಸ್ತೆ ಬದಿಯಲ್ಲಿ ಹಬೆ ಏಳುತ್ತಿದ್ದಾಗ ನೀವು ಬೈಕ್ ನಿಲ್ಲಿಸಿದಿರಿ.

ತಣ್ಣಗಾಗುವವರೆಗೆ ರೇಡಿಯೇಟರ್ ಮುಚ್ಚಳ ಮುಟ್ಟಲಿಲ್ಲ. ಸುಮ್ಮನೆ ಕೂತು, ನಿಂತಾಗ ಮಾತ್ರವೇ, ಓಡುವಾಗಲೂನಾ ಎಂದು ಕೇಳಿದಿರಿ. ಅಷ್ಟರಲ್ಲೇ ನಿಮಗೆ ಅರ್ಧ ಗೊತ್ತಾಗಿತ್ತು ಅನ್ನಿಸುತ್ತೆ. ಸಿಲಿಂಡರ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಪೈಪ್, ಅಂದರೆ ಕಿಡಿ ಬೇಗ ಹಾರುವಂತೆ ಮಾಡುವ ಪೈಪ್, ಕಳಚಿ ನೇತಾಡುತ್ತಿತ್ತು. ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ಕಿಡಿ ತಡವಾದರೆ ಬಿಸಿಯೆಲ್ಲ ಎಗ್ಸಾಸ್ಟ್ ಪೋರ್ಟ್ (ಹೊಗೆ ಹೊರಹೋಗುವ ದಾರಿ) ಮೂಲಕ ಎಂಜಿನ್ ತಂಪಾಗಿಸುವ ನೀರಿಗೇ ಸೇರುತ್ತೆ ಎಂದು ಹೇಳುತ್ತಲೇ ಅದನ್ನು ಸಿಕ್ಕಿಸಿ, ಅದರಿಂದ ಏರಿದ ಐಡಲ್ ವೇಗ ಇಳಿಸಿದಿರಿ. ಫ್ಯಾನಿಗೆ ಶ್ರೌಡ್, ಅಂದರೆ ಸುತ್ತಲಿನ ಕವಚ, ಇಲ್ಲ, ಅದು ರೇಡಿಯೇಟರಿನ ನಡುಭಾಗದಿಂದ ಮಾತ್ರ ಗಾಳಿ ಎಳೆಯುತ್ತಿದೆ ಎಂದೂ ತೋರಿಸಿದಿರಿ.

ಆಮೇಲೆ, ಎಂಜಿನ್ ಒಳಗಿನ ಹೊಗೆಯನ್ನು ಗಾಳಿ ಒಳಹೋಗುವ ದಾರಿಗೆ (ಇನ್‌ಟೇಕ್‌ಗೆ) ಎಳೆಯುವ ಪಿಸಿವಿ ವಾಲ್ವ್ ಕಿತ್ತು ಟಾರ್ಚ್ ಬಿಟ್ಟಿರಿ. ಅದು ಕೂರುವ ಅಂದದ ವಾಲ್ವ್ ಕವರಿನೊಳಗೆ ಆಯಿಲ್ ತಡೆಯುವ ಬ್ಯಾಫಲ್ ತಗಡೇ ಇರಲಿಲ್ಲ, ವಾಲ್ವ್ ತೆರೆಯುವ ರಾಕರ್‌ಗಳು ಚಿಮ್ಮಿಸಿದ ಆಯಿಲ್ ನೇರ ಇನ್‌ಟೇಕ್‌ಗೆ! 'ಮೊದಲು ಇದು ಸರಿಮಾಡಿ. ಆಮೇಲೂ ಕುಡಿದರೆ ಸಿಲಿಂಡರಿನ ಒತ್ತಡ (ಕಂಪ್ರೆಷನ್) ನೋಡಿಸಿ.' ಹೋಗುವ ಮುಂಚೆ ಮಡ್‌ಗಾರ್ಡ್ ಮೇಲಿನ ನಿಮ್ಮ ಬೆರಳಿನ ಕಲೆಯನ್ನೂ ಒರೆಸಿದಿರಿ.

ಬ್ಯಾಫಲ್, ಶ್ರೌಡ್ ಎರಡೂ ಹಾಕಿಸಿದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ನಿಂತಿದೆ. ಎಂಜಿನ್ ಇಳಿಸಲೇ ಇಲ್ಲ. ಧನ್ಯವಾದ ಸರ್.