ನರಕೋಶದ ಸುದ್ದಿಯ ಜೊತೆ ಪ್ರಮಾಣವನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಗಾಂಜಾ ಗಿಡದ ಸಿಬಿಜಿ, ಸಿಬಿಸಿ, ಸಿಬಿಎನ್‌ನಂಥ ಅಂಶಗಳು (ಕ್ಯಾನಬಿನಾಯ್ಡ್‌ಗಳು) ‘ನರಕೋಶದ ಜೀನ್‌ಗಳನ್ನೇ ಬದಲಿಸುತ್ತವೆ’ ಎಂಬ ತಲೆಬರಹಗಳು ಓದುಗರ ದಾರಿ ತಪ್ಪಿಸುತ್ತವೆ. ಡಿಎನ್‌ಎ ಬರಹ ಇದ್ದ ಹಾಗೇ ಇರುತ್ತದೆ. ಅದರಿಂದ ತಯಾರಾಗುವ ಆರ್‌ಎನ್‌ಎ ನಕಲುಗಳ ಸಂಖ್ಯೆ ಏರಿಳಿಯುತ್ತದೆ, ಅಷ್ಟೆ. ಉದಾಹರಣೆಗೆ, ಸಿಬಿಜಿ ಅಂಟಿಕೊಳ್ಳುವ ಪಿಪಿಎಆರ್-ಗಾಮಾ ಎಂಬ ಪ್ರೋಟೀನು ಡಿಎನ್‌ಎ ಮೇಲೆ ಕೂತು ಕೆಲವು ಜೀನ್‌ಗಳ ನಕಲು ಹೆಚ್ಚಿಸುತ್ತದೆ, ಕೆಲವನ್ನು ತಗ್ಗಿಸುತ್ತದೆ.

ಇಂಥ ಪ್ರಯೋಗಗಳಲ್ಲಿ ಆಗಾಗ ಬಳಸುವ ಎಸ್‌ಎಚ್-ಎಸ್‌ವೈ5ವೈ ಕೋಶಗಳು ನ್ಯೂರೋಬ್ಲಾಸ್ಟೋಮಾ ಎಂಬ ಮಕ್ಕಳ ಕ್ಯಾನ್ಸರಿನಿಂದ ಬಂದವು. ಮಿದುಳಿನ ನರಕೋಶ ಎಂದು ಅವನ್ನು ಕರೆಯಲಾಗದು.

ಎಡವಟ್ಟು ಹೆಚ್ಚಾಗಿ ಆಗುವುದು ದ್ರಾವಕದಲ್ಲಿ. ಕ್ಯಾನಬಿನಾಯ್ಡ್‌ಗಳು ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು. ಎಥನಾಲ್ ಇಲ್ಲವೇ ಡಿಎಂಎಸ್‌ಒ ಎಂಬ ದ್ರಾವಕ ಬೇಕು. 10 ಮಿಲಿಮೋಲಾರ್ (ಸಾಂದ್ರತೆಯ ಅಳತೆ; ಮೈಕ್ರೋಮೋಲಾರ್ ಅದರ ಸಾವಿರದ ಒಂದು ಪಾಲು) ದಾಸ್ತಾನು ದ್ರಾವಣದಿಂದ 1 ಮೈಕ್ರೋಲೀಟರನ್ನು ಕೋಶ ಬೆಳೆಸುವ ದ್ರವವಾದ ಮಾಧ್ಯಮದ 1 ಮಿಲಿಲೀಟರಿಗೆ ಹಾಕಿದರೆ 10 ಮೈಕ್ರೋಮೋಲಾರ್ ಆಗುತ್ತದೆ, ದ್ರಾವಕ ಶೇ 0.1ರಲ್ಲೇ ನಿಲ್ಲುತ್ತದೆ. 1 ಮಿಲಿಮೋಲಾರ್ ದಾಸ್ತಾನಾದರೆ 10 ಮೈಕ್ರೋಲೀಟರ್ ಹಾಕಬೇಕು, ದ್ರಾವಕ ಶೇ 1ಕ್ಕೆ ಏರುತ್ತದೆ. ಅಷ್ಟು ಡಿಎಂಎಸ್‌ಒ ತಾನೇ ಜೀನ್‌ಗಳ ಚಟುವಟಿಕೆಯನ್ನು ಅಲುಗಾಡಿಸಬಲ್ಲದು. ಕ್ಯಾನಬಿನಾಯ್ಡ್ ಹಾಕದ ಹೋಲಿಕೆಯ ತಟ್ಟೆಗೂ ಅಷ್ಟೇ ದ್ರಾವಕ ಬೀಳದಿದ್ದರೆ ಕಂಡ ಬದಲಾವಣೆ ಯಾರದ್ದೆಂದು ತಿಳಿಯದು.

ಕೋಶ ಬೆಳೆಸಲು ಮಾಧ್ಯಮಕ್ಕೆ ಸೇರಿಸುವ ಸೀರಂ (ರಕ್ತದ ತಿಳಿ ದ್ರವ) ಇನ್ನೊಂದು ತೊಡಕು. ಅದರ ಪ್ರೋಟೀನುಗಳು ಕ್ಯಾನಬಿನಾಯ್ಡನ್ನು ಹಿಡಿದಿಟ್ಟುಕೊಳ್ಳುತ್ತವೆ. ಸೀರಂ ತೆಗೆದ ಮಾಧ್ಯಮದಲ್ಲಿ ಅದೇ 10 ಮೈಕ್ರೋಮೋಲಾರ್ ಕೋಶಗಳನ್ನು ಕೊಲ್ಲಲೂಬಹುದು. ಸಾಯುತ್ತಿರುವ ಕೋಶದಲ್ಲಿ ಹೀಮ್ ಆಕ್ಸಿಜನೇಸ್-1ರಂಥ ಒತ್ತಡದ ಜೀನ್‌ಗಳ ಚಟುವಟಿಕೆ ಹಲವು ಬಗೆಯ ವಿಷಗಳಿಗೆ ಏರುತ್ತದೆ. ಅದನ್ನು ಸಿಬಿಜಿಯ ವಿಶೇಷ ಗುಣವೆಂದು ಬರೆದರೆ ತಪ್ಪು. ಹಾಗಾಗಿ ಕೋಶಗಳು ಬದುಕಿವೆಯೇ ಎಂಬ ಪರೀಕ್ಷೆ ಮೊದಲು, ಆರ್‌ಎನ್‌ಎ ತೆಗೆಯುವುದು ಆಮೇಲೆ. ಸಿಬಿಎನ್ ವಿಷಯದಲ್ಲಿ ಶುದ್ಧತೆಯನ್ನೂ ಕೇಳಬೇಕು: ಅದು ಗಾಂಜಾದ ಅಮಲಿನ ಅಂಶವಾದ ಟಿಎಚ್‌ಸಿ ಹಳತಾದಾಗ ಹುಟ್ಟುವ ವಸ್ತು, ಉಳಿದ ಟಿಎಚ್‌ಸಿ ಕೋಶದ ಮೇಲಿನ ಸಿಬಿ1 ಎಂಬ ಗ್ರಾಹಕ ಪ್ರೋಟೀನನ್ನು ಎಬ್ಬಿಸಿದರೆ ಫಲಿತಾಂಶ ಕಲಬೆರಕೆಯಾಗುತ್ತದೆ.

ಇನ್ನು ಲೆಕ್ಕ. 20,000 ಜೀನ್‌ಗಳನ್ನು 0.05ರ ಮಿತಿಯಲ್ಲಿ (ಪರಿಣಾಮವಿಲ್ಲದಿದ್ದರೂ ನೂರಕ್ಕೆ ಐದು ಸಲ ‘ಇದೆ’ ಎನ್ನುವ ಮಿತಿ) ಒಂದೊಂದಾಗಿ ಪರೀಕ್ಷಿಸಿದರೆ, ಔಷಧಕ್ಕೆ ಏನೂ ಪರಿಣಾಮವಿಲ್ಲದಿದ್ದರೂ ಸುಮಾರು 1,000 ಜೀನ್‌ಗಳು ‘ಬದಲಾದವು’ ಎಂದು ತೋರುತ್ತವೆ. ಈ ಆಕಸ್ಮಿಕ ಎಣಿಕೆಗೆ ಲೆಕ್ಕದ ತಿದ್ದುಪಡಿ ಮಾಡದ ಪಟ್ಟಿಯನ್ನು ದಯವಿಟ್ಟು ಸುದ್ದಿ ಮಾಡಬೇಡಿ. ಒಂದೇ ತಟ್ಟೆಯ ಮೂರು ಗುಳಿಗಳು ಮೂರು ಪ್ರಯೋಗವಾಗುವುದಿಲ್ಲ. ಬೇರೆ ಬೇರೆ ದಿನ, ಬೇರೆ ಕೋಶತಂಡದಲ್ಲಿ ಮಾಡಿದ್ದನ್ನಷ್ಟೇ ಎಣಿಸಬೇಕು.

ಯಾವ ಕೋಶ, ಎಷ್ಟು ಮೈಕ್ರೋಮೋಲಾರ್, ಎಷ್ಟು ಗಂಟೆ, ಎಷ್ಟು ಸಲ, ಆರ್‌ಎನ್‌ಎ ಜೊತೆ ಪ್ರೋಟೀನನ್ನೂ ಅಳೆದರೇ: ಇಷ್ಟನ್ನು ಇಂಥ ಪ್ರತಿ ವರದಿಯ ಕೊನೆಗೆ ಒಂದು ಸಾಲಿನಲ್ಲಿ ಪ್ರಕಟಿಸಬೇಕೆಂದು ಕೋರುತ್ತೇವೆ.

– ಕೋಶವಿಜ್ಞಾನ ಸಂಶೋಧಕರು