ಪೈಪು ಎಲ್ಲಿ ಹೋಗುತ್ತದೆ ಅಂತ ಮೊದಲೇ ಕೇಳು

ದಾವಣಗೆರೆ

ಚಿ. ಮೇಘನಾಳಿಗೆ ನಿನ್ನ ಮಾವನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ಅಹಮದಾಬಾದಿನಲ್ಲಿ ನಿನಗೆ ಒಂದು ಕಚೇರಿ ಕಟ್ಟಡದ ಮುಂಭಾಗ ಬರೆಯುವ ಕೆಲಸ ಕೊಟ್ಟಿದ್ದಾರಂತೆ, ಅಕ್ಕ ಹೇಳಿದಳು. ಎ.ಸಿ. ಗಾಳಿ ಹೋಗುವ ಡಕ್ಟು, ನೀರಿನ ಪೈಪು ಎಲ್ಲವನ್ನೂ ಆಮೇಲೆ ಬೇರೆಯವರು ನೋಡಿಕೊಳ್ಳುತ್ತಾರೆ ಅಂದೆಯಂತೆ. ಆ ಮಾತು ಕೇಳಿಯೇ ಈ ಕಾಗದ ಬರೆಯಲು ಕೂತೆ.

ನಾನೂ ಹಾಗೇ ಅಂದುಕೊಂಡಿದ್ದೆ. ನಾಲ್ಕು ಮಹಡಿಯ ಕಚೇರಿ, ನಾನು ಸೈಟ್ ಎಂಜಿನಿಯರ್. ಎ.ಸಿ. ಡ್ರಾಯಿಂಗ್ ಕೈಗೆ ಬಂದಾಗ ಮೂರನೇ ಸ್ಲ್ಯಾಬ್ ಆಗಿಹೋಗಿತ್ತು. ಕಂಬ, ಬೀಮುಗಳನ್ನು ತೋರಿಸುವ ಸ್ಟ್ರಕ್ಚರ್ ಡ್ರಾಯಿಂಗ್ ಮೇಲೆ ಅದನ್ನು ಇಟ್ಟು ನೋಡಬೇಕಾದವನು ನಾನೇ. ನೋಡಲಿಲ್ಲ. ಎ.ಸಿ.ಯ ತಣ್ಣೀರಿನ ಪೈಪು ಸೀದಾ ಬೀಮಿಗೆ ಹೋಗಿ ಹೊಡೆಯುತ್ತಿತ್ತು. ಕೋರ್ ಕಟಿಂಗ್, ಅಂದರೆ ಮೆಷಿನ್ನಿನಿಂದ ಬೀಮಿಗೆ ತೂತು ಕೊರೆಸುವುದು, ಮಾಡಿಸಿದರಾಯಿತು ಅಂದೆ. ಬೂದುಬಣ್ಣದ ನೀರು ಸುರಿಯುತ್ತಾ ಇತ್ತು, ಇದ್ದಕ್ಕಿದ್ದಂತೆ ಮೆಷಿನ್ನಿನ ಸದ್ದು ಬದಲಾಯಿತು. ಕಿರ್ರ್ ಅಂತ. ಬೀಮಿನ ಒಳಗಿನ ಕಬ್ಬಿಣದ ಕಂಬಿ ಸಿಕ್ಕಿತ್ತು. ನಿಲ್ಲಿಸಿದೆ, ಕೈ ನಡುಗುತ್ತಿತ್ತು. ಕೊನೆಗೆ ಪೈಪು, ಡಕ್ಟು ಎಲ್ಲ ಬೀಮಿನ ಕೆಳಗೆ ಇಳಿದವು. ಫಾಲ್ಸ್ ಸೀಲಿಂಗ್ ಕಿಟಕಿಯ ಅರ್ಧಕ್ಕೆ ಬಂತು. ಹಾಡಹಗಲೇ ಟ್ಯೂಬ್‌ಲೈಟ್! ಕಾಂಕ್ರೀಟ್ ಹಾಕುವ ಮೊದಲು, ಸೆಂಟ್ರಿಂಗ್ ಹೊತ್ತಿನಲ್ಲೇ ಸ್ಟ್ರಕ್ಚರ್ ಎಂಜಿನಿಯರನ್ನು ಕೇಳಿ ಪೈಪು ಹೋಗಲು ಒಂದು ಗೇಣುದ್ದದ ಸ್ಲೀವ್, ಅಂದರೆ ಕೊಳವೆ ತುಂಡು, ಇಟ್ಟಿದ್ದರೆ ಮುಗಿಯುತ್ತಿತ್ತು.

ನಿನ್ನ ಊರಲ್ಲೇ ಒಳ್ಳೇ ಪಾಠವಿದೆ. ಆಶ್ರಮ ರಸ್ತೆಯ ಮಿಲ್ ಮಾಲೀಕರ ಸಂಘದ ಕಟ್ಟಡ. ನಮ್ಮ ದಾವಣಗೆರೆಯ ಹಾಗೆ ಅಹಮದಾಬಾದೂ ಒಂದು ಕಾಲಕ್ಕೆ ಬಟ್ಟೆ ಮಿಲ್ಲಿನ ಊರು, ಅದಕ್ಕೇ ನನಗೆ ಆ ಕಟ್ಟಡದ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ. ವಾಸ್ತುಶಿಲ್ಪಿ ಲೆ ಕಾರ್ಬ್ಯುಸಿಯೇ ಮಾಡಿದ್ದು, 1954ರಲ್ಲಿ ಮುಗಿಯಿತು. ಸಂಜೆ ನಾಲ್ಕಕ್ಕೆ ಹೋಗಿ ರಸ್ತೆ ಕಡೆ ನಿಲ್ಲು. ಪಡುವಣದ ಬಿಸಿಲು ಇಳಿದ ಸೂರ್ಯನಿಂದ ಓರೆಯಾಗಿ ಬರುತ್ತದೆ, ಕಿಟಕಿ ಮೇಲೆ ಸಜ್ಜಾ ಹಾಕಿದರೆ ಪ್ರಯೋಜನವಿಲ್ಲ. ಅದಕ್ಕೇ ಅಲ್ಲಿ ಕಾಂಕ್ರೀಟಿನ ನಿಲುವು ಹಲಗೆಗಳನ್ನು ಓರೆಯಾಗಿ ತಿರುಗಿಸಿದ್ದಾರೆ. ಹಿಂದೆ ಸಾಬರ್ಮತಿ ಕಡೆ ಅವೇ ಹಲಗೆಗಳು ನೇರವಾಗಿವೆ, ಹೊಳೆ ಕಾಣಲಿ, ಗಾಳಿ ಬರಲಿ ಅಂತ. ಉತ್ತರ ದಕ್ಷಿಣಕ್ಕೆ ಹೆಚ್ಚೂಕಡಿಮೆ ಬರೀ ಗೋಡೆ. ಒಂದೇ ಕಟ್ಟಡ, ದಿಕ್ಕಿಗೊಂದು ಮುಖ. ನೀನು ನಾಲ್ಕೂ ಕಡೆ ಒಂದೇ ಜಾಲರಿ ಅಂಟಿಸಬೇಡ.

ಆದರೆ ಕಾಂಕ್ರೀಟು ಹಗಲೆಲ್ಲ ಕಾದು ಸಂಜೆ ಬಿಸಿ ಉಗುಳುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿ. ರಿಯೊ ಡಿ ಜನೈರೊದಲ್ಲಿ ಬ್ರೆಜಿಲ್‌ನ ವಾಸ್ತುಶಿಲ್ಪಿಗಳಾದ ಲೂಸಿಯೊ ಕೋಸ್ಟಾ, ನೀಮೈಯರ್ ಮುಂತಾದವರು ಸೇರಿ ಶಿಕ್ಷಣ ಸಚಿವಾಲಯ ಕಟ್ಟಿದರಲ್ಲ, 1936ರಿಂದ 45ರವರೆಗೆ. ಅಲ್ಲಿ ತಿರುಗಿಸಬಹುದಾದ ಅಡ್ಡ ಪಟ್ಟಿಗಳನ್ನು ಗಾಜಿನಿಂದ ದೂರವಿಟ್ಟರು. ನಡುವಿನ ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ. ಅಂದಹಾಗೆ ಅವು ಇರುವುದು ಉತ್ತರದ ಕಡೆ. ಅದು ಭೂಮಧ್ಯರೇಖೆಯ ಆಚೆ, ಸೂರ್ಯ ಅಲ್ಲಿ ಬಡಗಲಿಗೆ.

ಇನ್ನು ಪೈಪಿನ ವಿಚಾರಕ್ಕೆ ಅಮೆರಿಕದ ಬಾಸ್ಟನ್ನಿನಲ್ಲಿ ಬ್ಲೂ ಕ್ರಾಸ್ ಅನ್ನುವ ಆರೋಗ್ಯ ವಿಮೆಯವರಿಗೆ ಕಟ್ಟಿದ ಕಟ್ಟಡ ನೋಡು. 1960ರದ್ದು, ಹದಿಮೂರು ಮಹಡಿ, ವಾಸ್ತುಶಿಲ್ಪಿ ಪಾಲ್ ರುಡಾಲ್ಫ್ ಅವರದ್ದು. ಸುತ್ತ ಕಾಂಕ್ರೀಟ್ ಕಂಬಗಳ ಸಾಲು. ಕೆಲವು ಭಾರ ಹೊರುತ್ತವೆ, ಕೆಲವು ಟೊಳ್ಳು, ಒಳಗೆ ಎ.ಸಿ. ಗಾಳಿ ಓಡಾಡುತ್ತದೆ. ಮುಂದಕ್ಕೆ ಚಾಚಿದ್ದರಿಂದ ಗಾಜಿಗೆ ನೆರಳೂ ಆಯಿತು. ಭಾರ ಹೊರದ ಕಂಬ ಹೊತ್ತವರ ಜತೆ ಸಾಲಲ್ಲಿ ನಿಲ್ಲುವುದು ನನಗೆ ಅಷ್ಟು ಸರಿಬರುವುದಿಲ್ಲ, ಅದು ನನ್ನ ಹಳೇ ಎಂಜಿನಿಯರ್ ಬುದ್ಧಿ. ಆದರೆ ಕಂಬ, ನೆರಳು, ಗಾಳಿ ಮೂರನ್ನೂ ಒಂದೇ ಮೇಜಿನ ಮೇಲೆ ಬರೆಯದೆ ಹಾಗೆ ಕಟ್ಟಲು ಆಗುವುದೇ ಇಲ್ಲ, ಅಲ್ವಾ?

ನಮ್ಮಲ್ಲಿ ಮುಂಭಾಗ ಚೆಂದ ಬರೆದು, ಎ.ಸಿ.ಯ ಹೊರ ಯೂನಿಟ್ಟನ್ನು ಕೊನೆಗೆ ಜಾಲರಿಯ ಹಿಂದೆ ತುರುಕುತ್ತಾರೆ. ಅದು ಬಿಟ್ಟ ಬಿಸಿ ಗಾಳಿ ಹೊರಗೆ ಹೋಗದೆ ಅದೇ ಮತ್ತೆ ಎಳೆದುಕೊಳ್ಳುತ್ತದೆ, ಕರೆಂಟ್ ಬಿಲ್ಲು ಏರುತ್ತದೆ. ಆಮೇಲೆ ಯಾರೋ ಬಂದು ಜಾಲರಿಯನ್ನೇ ಕತ್ತರಿಸುತ್ತಾರೆ.

ನಾಳೆಯೇ ಎ.ಸಿ.ಯವರ ಹತ್ತಿರ, ಸ್ಟ್ರಕ್ಚರ್‌ನವರ ಹತ್ತಿರ ಹೋಗಿ ಕೂರು. ಸಂಕೋಚ ಬೇಡ. ಆಮೇಲೆ ಒಂದು ಕಿಟಕಿಯ ಸೆಕ್ಷನ್, ಅಂದರೆ ಕಟ್ಟಡವನ್ನು ಅಲ್ಲಿ ಸೀಳಿದಂತೆ ತೋರಿಸುವ ಚಿತ್ರ, ಬರೆದು ನನಗೆ ಕಳಿಸು. ಬೀಮಿನ ಆಳ, ಡಕ್ಟಿನ ಆಳ, ನಾಲ್ಕು ಗಂಟೆಯ ಬಿಸಿಲಿನ ಗೆರೆ, ಮೂರೂ ಅದರಲ್ಲಿರಲಿ. ಅತ್ತೆ ಚಟ್ನಿಪುಡಿ ಕೊರಿಯರ್ ಮಾಡಿದ್ದಾಳೆ, ತಲುಪಿತಾ ಹೇಳು.

ಇಂತಿ ನಿನ್ನ
ಮಾವ